ಬಂದು ಹೋಗುವ ದೋಷ

ರಾತ್ರಿಯೆಲ್ಲ ಹಲ್ಲುನೋವಿನಿಂದ ನರಳಿದವನು ಬೆಳಗ್ಗೆ ವೈದ್ಯರ ಮುಂದೆ ಕುಳಿತೊಡನೆ ನೋವು ಮಾಯವಾಗಿಬಿಡುವುದುಂಟು. "ಎಲ್ಲಿ ನೋವು?" ಎಂದು ವೈದ್ಯರು ಕೇಳಿದರೆ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಮನೆಗೆ ಮರಳಿದ ಮೇಲೆ ನೋವು ಮತ್ತೆ ಪ್ರತ್ಯಕ್ಷವಾಗುತ್ತದೆ. ಯಂತ್ರಗಳಿಗೂ ಇಂಥ ಕಾಯಿಲೆ ಬರುತ್ತದೆ. ಪೂರ್ತಿಯಾಗಿ ಕೆಟ್ಟು ನಿಂತ ಯಂತ್ರವನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ಅದರ ದೋಷವು ಹುಡುಕುವವನಿಗಾಗಿ ಅಲ್ಲಿಯೇ ಕಾದಿರುತ್ತದೆ. ಆದರೆ ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಅಡಗಿಕೊಳ್ಳುವ ದೋಷವನ್ನು ಹಿಡಿಯುವುದು ಕಠಿಣ. ಮೋಟಾರು ವಾಹನಗಳ ವಿದ್ಯುತ್ ವ್ಯವಸ್ಥೆಯಲ್ಲಿ ಇಂಥ ದೋಷಗಳು ಅಪರೂಪವಲ್ಲ. ಅವುಗಳನ್ನು ಪತ್ತೆ ಹಚ್ಚುವುದಕ್ಕೆ ಕೈಚಳಕದ ಜೊತೆಗೆ ಕ್ರಮಬದ್ಧವಾದ ಆಲೋಚನೆಯೂ ಬೇಕು.

ಮಧ್ಯ ಕರ್ನಾಟಕದ ದಾವಣಗೆರೆ ಮತ್ತು ಹರಿಹರ ಯಂತ್ರಗಳ ಸದ್ದಿಗೆ ಒಗ್ಗಿಕೊಂಡ ಊರುಗಳು. ಹತ್ತಿಯ ಗಿರಣಿಗಳಿಂದಾಗಿ ದಾವಣಗೆರೆಯು ಒಂದು ಕಾಲದಲ್ಲಿ 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಹೆಸರಾಗಿತ್ತು. 1951ರಲ್ಲಿಯೇ ಅಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ತುಂಗಭದ್ರೆಯ ದಡದಲ್ಲಿರುವ ಹರಿಹರವು 13ನೆಯ ಶತಮಾನದ ಹರಿಹರೇಶ್ವರ ದೇವಾಲಯಕ್ಕೆ ಪ್ರಸಿದ್ಧ. ಅದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಗೊಂಡು, ದಶಕಗಳ ಕಾಲ ಲೇತ್ ಮೊದಲಾದ ಯಂತ್ರಗಳನ್ನು ತಯಾರಿಸಿತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ದಾವಣಗೆರೆಯ ಹಳೆಯ ಗಿರಣಿಗಳ ಸದ್ದೂ ಅಡಗಿದೆ. ಆದರೆ ಯಂತ್ರದ ಕೆಲಸ ಬಲ್ಲ ಕೈಗಳು ಈ ಊರುಗಳಲ್ಲಿ ಇಂದಿಗೂ ಇವೆ. ಎರಡು ಊರುಗಳ ನಡುವಣ ದೂರ ಸುಮಾರು 14 ಕಿಲೋಮೀಟರ್. ವ್ಯಾಪಾರಕ್ಕೆ, ಓದಿಗೆ, ಚಿಕಿತ್ಸೆಗೆಂದು ಆ ದಾರಿಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ.

ನಿದರ್ಶನಕ್ಕಾಗಿ ಹರಿಹರದ ಒಬ್ಬ ಬಾಡಿಗೆ ಕಾರಿನ ಚಾಲಕನನ್ನು ಕಲ್ಪಿಸಿಕೊಳ್ಳಬಹುದು. ಅವನದು ಹಳೆಯ ಮಾದರಿಯ ಪೆಟ್ರೋಲ್ ಕಾರು. ಮೂತ್ರಪಿಂಡದ ಕಾಯಿಲೆಯಿರುವ ಒಬ್ಬ ವೃದ್ಧೆಯನ್ನು ವಾರಕ್ಕೆ ಎರಡು ಬಾರಿ ಅವನು ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದು, ಡಯಾಲಿಸಿಸ್ ಮುಗಿದ ಮೇಲೆ ಮನೆಗೆ ತಲುಪಿಸುತ್ತಾನೆ. ಕೆಲವು ತಿಂಗಳಿಂದ ಅವನ ಕಾರಿಗೆ ಒಂದು ವಿಚಿತ್ರ ರೋಗ ಹಿಡಿದಿದೆ. ಓಡುತ್ತಿರುವ ಕಾರಿನ ಎಂಜಿನ್ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಎಷ್ಟು ಸೆಲ್ಫ್ ಹೊಡೆದರೂ ಚಾಲೂ ಆಗುವುದಿಲ್ಲ. ಹತ್ತು ನಿಮಿಷ ಕಳೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ದುರಸ್ತಿಯ ಅಂಗಡಿಗೆ ತಂದು ನಿಲ್ಲಿಸಿದರಂತೂ ಯಾವ ತೊಂದರೆಯೂ ಕಾಣದು.

ಒಬ್ಬರು ಬ್ಯಾಟರಿ ಹಳೆಯದಾಗಿದೆ ಎಂದರು. ಚಾಲಕನು ಸಾಲ ಮಾಡಿ ಹೊಸ ಬ್ಯಾಟರಿ ಹಾಕಿಸಿದನು. ಐದು ದಿನ ಕಾರು ಚೆನ್ನಾಗಿ ಓಡಿತು; ಆರನೆಯ ದಿನ ನಿಂತಿತು. ಮತ್ತೊಬ್ಬರು ಇಗ್ನಿಷನ್ ಕಾಯಿಲ್ ಬಿಸಿಯಾಗಿ ಕೈಕೊಡುತ್ತಿದೆ ಎಂದರು. ಅದನ್ನೂ ಬದಲಿಸಿದ್ದಾಯಿತು. ಹನ್ನೆರಡು ದಿನ ತೊಂದರೆಯಿರಲಿಲ್ಲ. ಹದಿಮೂರನೆಯ ದಿನ ಸಂಜೆ, ಚಿಕಿತ್ಸೆಯಿಂದ ಬಳಲಿದ ವೃದ್ಧೆಯನ್ನು ಕೂರಿಸಿಕೊಂಡು ಬರುವಾಗ, ಲಾರಿಗಳು ಧಾವಿಸುವ ರಸ್ತೆಯ ನಡುವೆ ಕಾರು ನಿಂತಿತು. ಇನ್ನು ಈ ಕಾರನ್ನು ನಂಬಿ ಅವರನ್ನು ಕರೆದೊಯ್ಯುವುದು ಹೇಗೆ? ಕರೆದೊಯ್ಯದಿದ್ದರೆ ತನ್ನ ಸಂಸಾರ ಸಾಗುವುದು ಹೇಗೆ? ಈ ಚಿಂತೆಯನ್ನು ಹೊತ್ತುಕೊಂಡೇ ಅವನು ದಾವಣಗೆರೆಯ ಹಿರಿಯ ಮೇಸ್ತ್ರಿಯೊಬ್ಬನ ಅಂಗಡಿಗೆ ಬಂದನೆನ್ನೋಣ.

ಮೇಸ್ತ್ರಿಯು ಏನು ಮಾಡಿದನೆಂಬುದು ತಿಳಿಯಬೇಕಾದರೆ ಕಾರಿನಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಮೊದಲು ಅರಿಯಬೇಕು.

ಕಾರಿನ ವಿದ್ಯುತ್ತಿನ ಮೂಲ ಸೀಸ ಮತ್ತು ಆಮ್ಲದ ಬ್ಯಾಟರಿ. ಇದನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಕಂಡುಹಿಡಿದನು. ಬ್ಯಾಟರಿಯೊಳಗೆ ಆರು ಕೋಶಗಳು ಒಂದರ ಹಿಂದೆ ಒಂದರಂತೆ ಜೋಡಣೆಗೊಂಡಿರುತ್ತವೆ. ಒಂದೊಂದು ಕೋಶ ಸುಮಾರು 2 ವೋಲ್ಟ್ ಕೊಡುವುದರಿಂದ ಒಟ್ಟು 12 ವೋಲ್ಟ್ ದೊರೆಯುತ್ತದೆ. ಮೊದಲಿನ ಕಾರುಗಳ ಎಂಜಿನ್‌ಗಳನ್ನು ಕೈಯಿಂದ ಹ್ಯಾಂಡಲ್ ತಿರುಗಿಸಿ ಚಾಲನೆಗೊಳಿಸಬೇಕಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಚಾಲಕ ಮೋಟಾರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ನಮ್ಮಲ್ಲಿ ಜನ 'ಸೆಲ್ಫ್' ಎನ್ನುವುದು ಈ ಮೋಟಾರನ್ನೇ. ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನವನ್ನು ಹೊತ್ತಿಸುವ ಕಿಡಿಯೂ ವಿದ್ಯುತ್ತಿನಿಂದಲೇ ಹುಟ್ಟಬೇಕು. ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಕಿಡಿ ಹಾರಿಸುವ ಸಾಧನವೇ ಇಗ್ನಿಷನ್ ಕಾಯಿಲ್. ಅದಕ್ಕೆ ವಿದ್ಯುತ್ತು ತಪ್ಪಿದ ಕ್ಷಣವೇ ಎಂಜಿನ್ ನಿಲ್ಲುತ್ತದೆ.

ವಿದ್ಯುತ್ತು ಹರಿಯಬೇಕಾದರೆ ಹಾದಿಯು ಹೊರಟಲ್ಲಿಗೆ ಮರಳಿ ಬಂದು ಪೂರ್ಣವಾಗಬೇಕು. ಮನೆಯ ದೀಪಕ್ಕೆ ಎರಡು ತಂತಿಗಳಿರುವುದು ಇದಕ್ಕಾಗಿಯೇ. ಕಾರಿನಲ್ಲಿ ಹೋಗುವ ಹಾದಿ ತಂತಿ. ಮರಳುವ ಹಾದಿ ಸಾಮಾನ್ಯವಾಗಿ ಕಾರಿನ ಲೋಹದ ಒಡಲೇ. ಮೇಸ್ತ್ರಿಗಳು ಇದನ್ನು 'ಬಾಡಿ ಅರ್ಥ್' ಎನ್ನುತ್ತಾರೆ. ಈ ಹಾದಿಯ ಉದ್ದಕ್ಕೂ ಸ್ವಿಚ್ಚು, ಫ್ಯೂಸು, ರಿಲೇ, ಕೂಡುಕೊಂಡಿ ಎಂಬ ಅನೇಕ ಕಟ್ಟೆಗಳಿವೆ. ಯಾವುದೊಂದು ಸಡಿಲವಾದರೂ ಹಾದಿ ತುಂಡಾಗುತ್ತದೆ. ಓಡುವ ವಾಹನದಲ್ಲಿ ಸಡಿಲವಾಗಲು ಕಾರಣಗಳೂ ಹಲವು. ರಸ್ತೆಯ ಕುಲುಕಾಟದಿಂದ ಕೊಂಡಿಗಳು ಅಲುಗುತ್ತವೆ. ಬಿಸಿಯಾದಾಗ ಲೋಹವು ಹಿಗ್ಗಿ, ತಣ್ಣಗಾದಾಗ ಕುಗ್ಗುತ್ತದೆ. ಮಳೆಯ ತೇವದಿಂದ ತಾಮ್ರವು ಹಸಿರು ಕಿಲುಬು ಹಿಡಿಯುತ್ತದೆ. ತಗಡಿನ ಅಂಚಿಗೆ ಉಜ್ಜಿ ತಂತಿಯ ಹೊದಿಕೆ ಸವೆಯುತ್ತದೆ. ಕುಲುಕಾಟ, ಶಾಖ, ತೇವ ಇವು ಯಾವಾಗಲೂ ಒಂದೇ ಸಮನಾಗಿರುವುದಿಲ್ಲ. ಆದುದರಿಂದಲೇ ಇವುಗಳಿಂದ ಹುಟ್ಟುವ ದೋಷವೂ ಬಂದು ಹೋಗುತ್ತಿರುತ್ತದೆ.

ಹಾದಿಯು ಪೂರ್ತಿ ತುಂಡಾಗಬೇಕೆಂದೂ ಇಲ್ಲ. ಕೆಟ್ಟ ಜೋಡಣೆಯ ರೋಧವೇ ಸಾಕು. ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, ರೋಧವನ್ನು ಪ್ರವಾಹದಿಂದ ಗುಣಿಸಿದರೆ ಅಲ್ಲಿ ಕಳೆದುಹೋಗುವ ವೋಲ್ಟ್ ಸಿಗುತ್ತದೆ. ಬ್ಯಾಟರಿಯ ಕೊಂಡಿಯಲ್ಲಿ ಕಿಲುಬಿನಿಂದ 0.05 ಓಮ್ ರೋಧ ಉಂಟಾಗಿದೆ ಎಂದಿಟ್ಟುಕೊಳ್ಳೋಣ. ಕಾಲು ಆಂಪೇರ್ ಬೇಡುವ ಪುಟ್ಟ ಬಲ್ಬಿಗೆ ಅಲ್ಲಿ ನಷ್ಟವಾಗುವುದು 0.0125 ವೋಲ್ಟ್ ಮಾತ್ರ. ಬಲ್ಬು ಪ್ರಕಾಶಮಾನವಾಗಿಯೇ ಉರಿಯುತ್ತದೆ. ಆದರೆ ಸೆಲ್ಫ್ ಮೋಟಾರು 150 ಆಂಪೇರ್ ಬೇಡುತ್ತದೆ ಎಂದಾದರೆ ಅಷ್ಟೇ ರೋಧದಲ್ಲಿ 7.5 ವೋಲ್ಟ್ ಕಳೆದುಹೋಗಬೇಕಾಗುತ್ತದೆ. ಉಳಿದ ಅಲ್ಪ ವೋಲ್ಟಿಗೆ ಮೋಟಾರು ತಿರುಗಲಾರದು. ಪುಟ್ಟ ದೀಪ ಉರಿದ ಮಾತ್ರಕ್ಕೆ ಹಾದಿ ಸರಿಯಾಗಿದೆ ಎನ್ನಲಾಗದು. ಹತ್ತಾರು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು ಹಾದಿ ಇದೆಯೆಂದೇ ತೋರಿಸುತ್ತದೆ. ಹಗ್ಗದ ಬಲವನ್ನು ಭಾರ ತೂಗುಹಾಕಿ ಪರೀಕ್ಷಿಸುವಂತೆ, ತಂತಿಯನ್ನೂ ಕೆಲಸ ಮಾಡಿಸುತ್ತಲೇ ಪರೀಕ್ಷಿಸಬೇಕು.

ಈಗ ಮೇಸ್ತ್ರಿಯ ಅಂಗಡಿಗೆ ಮರಳೋಣ. ಅವನು ಬಾನೆಟ್ ತೆರೆಯಲಿಲ್ಲ. ಚಾಲಕನಿಗೆ ಕುಳಿತುಕೊಳ್ಳಲು ಹೇಳಿ ಪ್ರಶ್ನೆಗಳನ್ನು ಕೇಳಿದನು.

"ಎಂಜಿನ್ ನಿಲ್ಲುವ ಮೊದಲು ಮುಗ್ಗರಿಸುತ್ತದೆಯೋ, ಕೀಲಿ ತಿರುಗಿಸಿದಂತೆ ಒಮ್ಮೆಲೇ ನಿಲ್ಲುತ್ತದೆಯೋ?"

"ಒಮ್ಮೆಲೇ ನಿಲ್ಲುತ್ತದೆ, ಮೇಸ್ತ್ರಿಗಳೇ."

"ನಿಂತ ಮೇಲೆ ಹಾರನ್ ಒತ್ತಿ ನೋಡಿದ್ದೀರಾ? ಸೆಲ್ಫ್ ತಿರುಗುತ್ತದೆಯೇ?"

"ಹಾರನ್ ಸರಿಯಾಗಿ ಕೂಗುತ್ತದೆ. ಸೆಲ್ಫೂ ಜೋರಾಗಿ ತಿರುಗುತ್ತದೆ. ಎಂಜಿನ್ ಮಾತ್ರ ಹಿಡಿಯುವುದಿಲ್ಲ."

ಈ ಎರಡು ಉತ್ತರಗಳಿಂದಲೇ ಬಹಳಷ್ಟು ವಿಷಯ ತಿಳಿಯಿತು. ಪೆಟ್ರೋಲ್ ಸರಬರಾಜು ತಪ್ಪಿದ ಎಂಜಿನ್ ಸಾಮಾನ್ಯವಾಗಿ ಮುಗ್ಗರಿಸಿ ನಿಲ್ಲುತ್ತದೆ. ಒಮ್ಮೆಲೇ ನಿಲ್ಲುವುದಾದರೆ ಮೊದಲು ಶಂಕಿಸಬೇಕಾದುದು ಕಿಡಿಯ ಹಾದಿಯನ್ನು. ಅಪಾರ ಪ್ರವಾಹ ಬೇಡುವ ಸೆಲ್ಫ್ ಆ ಗಳಿಗೆಯಲ್ಲಿಯೂ ಜೋರಾಗಿ ತಿರುಗುತ್ತಿದ್ದರೆ ಬ್ಯಾಟರಿಯಾಗಲಿ ಅದರ ದಪ್ಪ ತಂತಿಗಳಾಗಲಿ ಕೆಟ್ಟಿರಲಾರವು. ಹೊಸ ಬ್ಯಾಟರಿಗೆ ಸುರಿದ ಹಣ ವ್ಯರ್ಥವಾಗಿತ್ತು. ಈ ಪ್ರಶ್ನೆಯನ್ನು ಮೊದಲೇ ಯಾರಾದರೂ ಕೇಳಿದ್ದರೆ ಆ ಸಾಲವೇ ಬೇಕಿರಲಿಲ್ಲ.

ಮೇಸ್ತ್ರಿಯು ಚಾಲಕನಿಗೆ ಒಂದು ಪುಟ್ಟ ಪುಸ್ತಕ ಕೊಟ್ಟನು. ಕಾರು ನಿಂತಾಗಲೆಲ್ಲ ದಿನ, ಹೊತ್ತು, ಹೊರಟು ಎಷ್ಟು ಹೊತ್ತಾಗಿತ್ತು, ಬಿಸಿಲೋ ಮಳೆಯೋ, ಆ ಕ್ಷಣದಲ್ಲಿ ಏನು ಮಾಡುತ್ತಿದ್ದೆ ಎಂಬುದನ್ನು ಅಲ್ಲಿಯೇ ಬರೆದಿಡಲು ಹೇಳಿದನು. ಅಲ್ಲಿಯವರೆಗೆ ರೋಗಿಯನ್ನು ಬೇರೆ ಕಾರಿನಲ್ಲಿ ಕಳುಹಿಸುವಂತೆಯೂ ತಿಳಿಸಿದನು. ನೆನಪು ಅನೇಕ ಸಲ ಮೋಸಮಾಡುತ್ತದೆ. ಬರೆದಿಟ್ಟ ಮಾತು ಹಾಗೆ ಮಾಡುವುದಿಲ್ಲ. ಎರಡು ವಾರಗಳಲ್ಲಿ ಕಾರು ನಾಲ್ಕು ಬಾರಿ ನಿಂತಿತು. ನಾಲ್ಕೂ ಸಲ ಹೊರಟು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತಾಗಿತ್ತು. ಮುಂಜಾನೆಯ ತಂಪಿನಲ್ಲಿ ಒಮ್ಮೆಯೂ ನಿಂತಿರಲಿಲ್ಲ. ನಾಲ್ಕೂ ಸಲ ರಸ್ತೆಯ ಉಬ್ಬನ್ನು ದಾಟಿ ವೇಗ ಹೆಚ್ಚಿಸಲು ಆಕ್ಸಿಲರೇಟರ್ ಒತ್ತಿದಾಗಲೇ ಎಂಜಿನ್ ನಿಂತಿತ್ತು. ಯಾವುದೋ ಒಂದು ಕಡೆ ಶಾಖ ಮತ್ತು ಅಲುಗಾಟ ಎರಡೂ ಕೂಡಿದಾಗ ಹಾದಿ ತುಂಡಾಗುತ್ತಿದೆ ಎಂಬ ಊಹೆಗೆ ಇದರಿಂದ ಆಧಾರ ದೊರೆಯಿತು.

ಆದರೆ ಊಹೆಯು ಸಾಕ್ಷಿಯಲ್ಲ. ದೋಷವು ಬಂದ ಗಳಿಗೆಯಲ್ಲಿಯೇ ಅದನ್ನು ಹಿಡಿಯಬೇಕು. ಮೇಸ್ತ್ರಿಯು ಮೂರು ಪುಟ್ಟ ಬಲ್ಬುಗಳನ್ನು ತೆಗೆದುಕೊಂಡು, ಉದ್ದನೆಯ ತಂತಿಗಳಿಂದ ಕಿಡಿಯ ಹಾದಿಯ ಮೂರು ಕಡೆ ಜೋಡಿಸಿದನು. ಮೊದಲನೆಯದು ಇಗ್ನಿಷನ್ ಸ್ವಿಚ್ಚಿಗೆ ವಿದ್ಯುತ್ತು ಬರುವಲ್ಲಿ, ಎರಡನೆಯದು ಸ್ವಿಚ್ಚಿನಿಂದ ಹೊರಡುವಲ್ಲಿ, ಮೂರನೆಯದು ಕಾಯಿಲ್ಲಿಗೆ ತಲುಪುವಲ್ಲಿ. ಬಲ್ಬುಗಳ ಇನ್ನೊಂದು ತುದಿಯನ್ನು ಕಾರಿನ ಒಡಲಿಗೆ ಸೇರಿಸಿ, ಮೂರನ್ನೂ ಸಾಲಾಗಿ ಚಾಲಕನ ಪಕ್ಕದ ಆಸನದ ಮುಂದೆ ಅಂಟಿಸಿದನು. ಎಲ್ಲವೂ ಸರಿಯಿದ್ದರೆ ಮೂರೂ ಉರಿಯುತ್ತಿರುತ್ತವೆ. ಎಂಜಿನ್ ನಿಂತಾಗ ಮೂರೂ ಆರಿದ್ದರೆ ದೋಷವು ಸ್ವಿಚ್ಚಿಗಿಂತ ಹಿಂದಿದೆ. ಮೊದಲನೆಯದು ಮಾತ್ರ ಉರಿಯುತ್ತಿದ್ದರೆ ಸ್ವಿಚ್ಚೇ ಅಪರಾಧಿ. ಮೊದಲೆರಡು ಉರಿದು ಮೂರನೆಯದು ಆರಿದ್ದರೆ ಸ್ವಿಚ್ಚಿಗೂ ಕಾಯಿಲ್ಲಿಗೂ ನಡುವಣ ತಂತಿಯಲ್ಲಿ ದೋಷವಿದೆ. ಮೂರೂ ಉರಿಯುತ್ತಿದ್ದರೆ ಕಾಯಿಲ್ ಅಥವಾ ಅದರಾಚೆಗೆ ಹುಡುಕಬೇಕು. ಒಂದೇ ಒಂದು ನಿಲುಗಡೆ ನಾಲ್ಕು ಸಾಧ್ಯತೆಗಳ ಪೈಕಿ ಮೂರನ್ನು ಅಳಿಸಿಹಾಕುವಂತೆ ಈ ಏರ್ಪಾಡು ಇತ್ತು.

ಮಧ್ಯಾಹ್ನದ ಬಿಸಿಲಿನಲ್ಲಿ ಕಾರು ಹರಿಹರದ ಕಡೆಗೆ ಹೊರಟಿತು. ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನು ಬಲ್ಬುಗಳಿಂದ ಕಣ್ಣು ತೆಗೆಯದೆ ಮುಂದೆ ಕುಳಿತನು. ಮೇಸ್ತ್ರಿ ಹಿಂದೆ ಕುಳಿತನು. ಹೋಗುವಾಗ ಏನೂ ಆಗಲಿಲ್ಲ. ಬರುವಾಗಲೂ ಏನೂ ಆಗಲಿಲ್ಲ. ಹುಡುಗನಿಗೆ ಬೇಸರ ಬಂದಿತು. ಮೇಸ್ತ್ರಿ ಮಾತ್ರ ಮತ್ತೆ ಹರಿಹರಕ್ಕೆ ತಿರುಗಿಸಲು ಹೇಳಿದನು. ಈ ಸಲ ರಸ್ತೆಯ ಉಬ್ಬೊಂದನ್ನು ದಾಟಿ ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ ನಿಂತಿತು.

"ಮೂರನೆಯದು ಆರಿದೆ, ಗುರುಗಳೇ! ಎರಡು ಉರಿಯುತ್ತಿವೆ!" ಎಂದು ಹುಡುಗ ಕೂಗಿದನು.

ಚಾಲಕನು ಇದ್ದ ವೇಗದಲ್ಲಿಯೇ ಕಾರನ್ನು ರಸ್ತೆಯ ಪಕ್ಕಕ್ಕೆ ತಂದನು. "ಕೀಲಿ ಮುಟ್ಟಬೇಡಿ, ಹಾಗೆಯೇ ಇರಲಿ" ಎಂದು ಮೇಸ್ತ್ರಿ ಕೆಳಗಿಳಿದು ಬಾನೆಟ್ ಎತ್ತಿದನು. ಈಗ ಹುಡುಕಬೇಕಾದುದು ಇಡೀ ಕಾರನ್ನಲ್ಲ, ಗೇಣು ಲೆಕ್ಕದಲ್ಲಿ ಅಳೆಯಬಹುದಾದ ಒಂದು ತಂತಿಯನ್ನು ಮಾತ್ರ. ಕಾಯಿಲ್ಲಿನ ತುದಿಯಿಂದ ಹಿಂದಕ್ಕೆ ತಂತಿಯನ್ನು ಬೆರಳುಗಳ ನಡುವೆ ಒತ್ತಿ ನೋಡುತ್ತ ಬಂದನು. ಒಂದು ಕಡೆ ತಂತಿಯು ಒಳಗೆ ಮೂಳೆಯಿಲ್ಲದ ಬೆರಳಿನಂತೆ ಸಲೀಸಾಗಿ ಬಾಗಿತು. ಕೂಡಲೆ ಮೂರನೆಯ ಬಲ್ಬು ಹೊತ್ತಿತು. ಹಿಂದಕ್ಕೆ ಬಾಗಿಸಿದಾಗ ಆರಿತು. ಮತ್ತೆ ಬಾಗಿಸಿದಾಗ ಮತ್ತೆ ಹೊತ್ತಿತು. ಹತ್ತು ಸಲ ಮಾಡಿದರೂ ಹತ್ತು ಸಲವೂ ಹಾಗೆಯೇ ಆಯಿತು.

ಬ್ಯಾಟರಿಯ ಋಣ ತುದಿಯ ಕೊಂಡಿಯನ್ನು ಬಿಡಿಸಿ ತಂತಿಯ ಹೊದಿಕೆಯನ್ನು ಸೀಳಿ ನೋಡಿದಾಗ, ಒಳಗೆ ತಾಮ್ರದ ಎಳೆಗಳೆಲ್ಲವೂ ತುಂಡಾಗಿ ತುದಿಗಳು ಹಸಿರುಗಟ್ಟಿದ್ದವು. ಹೊರಗಿನ ಹೊದಿಕೆ ಮಾತ್ರ ಹೊಸದರಂತಿತ್ತು! ಕಾರಣವೂ ಅಲ್ಲಿಯೇ ಕಾಣಿಸಿತು. ಹಿಂದೊಮ್ಮೆ ಎಂಜಿನನ್ನು ಇಳಿಸಿ ಏರಿಸಿದಾಗ ಆ ತಂತಿಯನ್ನು ಸಡಿಲವಿಲ್ಲದಂತೆ ಬಿಗಿದು ಕಟ್ಟಲಾಗಿತ್ತು. ಎಂಜಿನ್ ರಬ್ಬರಿನ ಆಧಾರಗಳ ಮೇಲೆ ಕುಳಿತಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ತುಸು ವಾಲುತ್ತದೆ. ಪ್ರತಿ ಬಾರಿ ವಾಲಿದಾಗಲೂ ತಂತಿಯನ್ನು ಜಗ್ಗುತ್ತಿತ್ತು. ಹೀಗೆ ಸಾವಿರಾರು ಸಲ ಜಗ್ಗಿ ಎಳೆಗಳು ಒಂದೊಂದಾಗಿ ಕಡಿದಿದ್ದವು. ತಂಪಿನಲ್ಲಿ ಗಡುಸಾಗಿರುತ್ತಿದ್ದ ಪ್ಲಾಸ್ಟಿಕ್ ಹೊದಿಕೆ ಕಡಿದ ತುದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತಿತ್ತು. ಎಂಜಿನ್ ಶಾಖಕ್ಕೆ ಅದು ಮೆದುವಾದಾಗ ತುದಿಗಳು ಬೇರೆಯಾಗುತ್ತಿದ್ದವು. ಹತ್ತು ನಿಮಿಷ ನಿಂತು ತಣ್ಣಗಾದರೆ ಮತ್ತೆ ಕೂಡುತ್ತಿದ್ದವು. ಪುಸ್ತಕದಲ್ಲಿ ಬರೆದಿದ್ದ ಪ್ರತಿಯೊಂದು ಸಾಲಿಗೂ ಈಗ ಅರ್ಥ ಸಿಕ್ಕಿತು.

ಹಾಗಾದರೆ ಕಾಯಿಲ್ ಬದಲಿಸಿದ ಮೇಲೆ ಹನ್ನೆರಡು ದಿನ ಕಾರು ಓಡಿದುದು ಹೇಗೆ? ಕಾಯಿಲ್ ಬಿಚ್ಚಿ ಕೂಡಿಸುವಾಗ ತಂತಿ ಅಲುಗಿ, ತುದಿಗಳು ಕೆಲಕಾಲ ಚೆನ್ನಾಗಿ ಕೂಡಿಕೊಂಡಿರಬಹುದು. ಕಾಗೆ ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ನಂಟು ಕಲ್ಪಿಸುವುದನ್ನು ಹಿರಿಯರು ಕಾಕತಾಳೀಯ ಎಂದರು. ಬಂದು ಹೋಗುವ ದೋಷವು ಈ ಬಗೆಯ ತಪ್ಪಿಗೆ ತವರುಮನೆ. ಅದು ತಾನಾಗಿಯೇ ಹೋಗುವ ಸ್ವಭಾವದ್ದಾದುದರಿಂದ, ಹೋಗುವ ಹೊತ್ತಿಗೆ ಯಾರು ಏನು ಮಾಡಿದ್ದರೂ ಅದೇ ಮದ್ದೆಂದು ತೋರುತ್ತದೆ.

ಇದನ್ನು ಲೆಕ್ಕದಿಂದಲೂ ತಿಳಿಯಬಹುದು. ಸರಾಸರಿ ಹತ್ತು ಪ್ರಯಾಣಗಳಲ್ಲಿ ಒಂದರಲ್ಲಿ ನಿಲ್ಲುವ ಕಾರೊಂದಿದೆ ಎನ್ನೋಣ. ಅದನ್ನು ಯಾರೂ ಮುಟ್ಟದೆ ಬಿಟ್ಟರೂ ಒಂದು ಪ್ರಯಾಣ ಸುಗಮವಾಗುವ ಸಂಭವ 0.9. ಸತತ ಹತ್ತು ಪ್ರಯಾಣಗಳು ಸುಗಮವಾಗುವ ಸಂಭವ ತಿಳಿಯಲು 0.9ನ್ನು ಹತ್ತು ಸಲ ಗುಣಿಸಬೇಕು. ಬರುವ ಉತ್ತರ ಸುಮಾರು 0.35. ಅಂದರೆ ಏನನ್ನೂ ದುರಸ್ತಿ ಮಾಡದಿದ್ದರೂ ನೂರಕ್ಕೆ ಮೂವತ್ತೈದು ಪಾಲು ಹತ್ತು ಪ್ರಯಾಣಗಳು ನಿರ್ವಿಘ್ನವಾಗಿ ಸಾಗಬಲ್ಲವು! ಮೂವತ್ತು ಪ್ರಯಾಣಗಳಾದರೆ ಆ ಸಂಭವ ನೂರಕ್ಕೆ ನಾಲ್ಕರಷ್ಟಕ್ಕೆ ಇಳಿಯುತ್ತದೆ. ದೋಷವು ಕಾಣಿಸಲಿಲ್ಲವೆಂಬುದು ಅದು ಹೋಯಿತೆಂಬುದಕ್ಕೆ ದುರ್ಬಲ ಸಾಕ್ಷಿ. ಬೇಕೆಂದಾಗ ದೋಷವನ್ನು ಬರಿಸಿ ಬೇಡವೆಂದಾಗ ನಿಲ್ಲಿಸಬಲ್ಲೆವಾದರೆ ಅದು ಬಲವಾದ ಸಾಕ್ಷಿ. ಮೇಸ್ತ್ರಿಯು ತಂತಿಯನ್ನು ಹತ್ತು ಸಲ ಬಾಗಿಸಿ ನೋಡಿದುದು ಈ ಕಾರಣಕ್ಕಾಗಿಯೇ.

ಕಡಿದ ತಂತಿಯನ್ನು ಗಂಟುಹಾಕಿದ್ದರೆ ಕಾರು ಅಂದೇ ಓಡುತ್ತಿತ್ತು. ಕೆಲವು ತಿಂಗಳಲ್ಲಿ ಮತ್ತೊಂದು ಕಡೆ ಕಡಿಯುತ್ತಿತ್ತು. ಮೇಸ್ತ್ರಿಯು ಹೊಸ ತಂತಿ ಹಾಕಿ, ಎಂಜಿನ್ ವಾಲಿದರೂ ಜಗ್ಗದಷ್ಟು ಸಡಿಲ ಬಿಟ್ಟು, ತಗಡಿನ ರಂಧ್ರದಲ್ಲಿ ರಬ್ಬರಿನ ಬಳೆ ತೊಡಿಸಿದನು. ತಂತಿಯ ಬೆಲೆ ಅತ್ಯಲ್ಪ. ಪಡೆದ ಕೂಲಿಯೂ ಒಂದು ಬ್ಯಾಟರಿಯ ಬೆಲೆಗಿಂತ ಬಹಳ ಕಡಿಮೆ. ಬಲ್ಬುಗಳನ್ನು ಮಾತ್ರ ಅವನು ಬಿಚ್ಚಲಿಲ್ಲ. "ಮೂವತ್ತು ಸಲ ಹೋಗಿ ಬನ್ನಿ. ಆಮೇಲೆ ಬಿಚ್ಚೋಣ. ಅಜ್ಜಿಯವರನ್ನು ಆಮೇಲೆ ಕರೆದುಕೊಂಡು ಹೋಗಿ" ಎಂದನು.

ಇಂದಿನ ಕಾರುಗಳಲ್ಲಿ ಗಣಕಗಳಿವೆ. ದೋಷ ಕಂಡಾಗ ಅವು ಒಂದು ಸಂಕೇತ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳುತ್ತವೆ. ಅಂಗಡಿಯಲ್ಲಿ ಉಪಕರಣ ಜೋಡಿಸಿ ಅದನ್ನು ಓದಬಹುದು. ಇದರಿಂದ ಹುಡುಕುವವನಿಗೆ ಬಹಳ ಅನುಕೂಲವಾಗಿದೆ. ಆದರೂ ಸಂಕೇತ ಸಂಖ್ಯೆಯು ಯಾವ ಹಾದಿಯಲ್ಲಿ ಸುದ್ದಿ ತಪ್ಪಿತೆಂದು ಹೇಳುತ್ತದೆಯೇ ಹೊರತು, ಆ ಹಾದಿಯ ಯಾವ ಕೊಂಡಿ ಸಡಿಲವಾಗಿದೆ ಎಂದು ಹೇಳಲಾರದು. ಅದನ್ನು ಓದಿದೊಡನೆ ಬಿಡಿಭಾಗವನ್ನು ಬದಲಿಸುವವನು ಬ್ಯಾಟರಿ ಬದಲಿಸಿದವನ ತಪ್ಪನ್ನೇ ಮಾಡುತ್ತಾನೆ. ಕೇಳುವುದು, ಬರೆದಿಡುವುದು, ಹಾದಿಯನ್ನು ಭಾಗಿಸಿ ನೋಡುವುದು, ದೋಷವನ್ನು ಬರಿಸಿ ಖಚಿತಪಡಿಸಿಕೊಳ್ಳುವುದು ಎಂಬ ಕ್ರಮ ಹಳೆಯ ಕಾರಿಗೂ ಹೊಸ ಕಾರಿಗೂ ಒಂದೇ.

ಈ ಕೆಲಸದಲ್ಲಿ ಎಚ್ಚರಿಕೆಯೂ ಅಗತ್ಯ. ತಂತಿ ಕತ್ತರಿಸುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಡಿಸಬೇಕು. ಆ ತುದಿ ಕಾರಿನ ಒಡಲಿಗೇ ಸೇರಿರುವುದರಿಂದ, ಬಿಡಿಸುವಾಗ ಸ್ಪ್ಯಾನರ್ ಒಡಲಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಫ್ಯೂಸು ಪದೇ ಪದೇ ಸುಡುತ್ತಿದ್ದರೆ ಅದರ ಬದಲು ದಪ್ಪ ತಂತಿ ಹಾಕುವುದು ಅತ್ಯಂತ ಅಪಾಯಕರ. ಆಗ ಸುಡುವುದು ಫ್ಯೂಸಲ್ಲ, ಕಾರಿನ ತಂತಿಗಳು, ಒಮ್ಮೊಮ್ಮೆ ಕಾರೇ.

ಮೂವತ್ತು ಪ್ರಯಾಣಗಳು ಮುಗಿದ ಮೇಲೆ ಚಾಲಕನು ಮೇಸ್ತ್ರಿಯ ಅಂಗಡಿಗೆ ಬಂದು ಬಲ್ಬುಗಳನ್ನು ಬಿಚ್ಚಿಸಿಕೊಂಡನು. ಮರುದಿನ ವೃದ್ಧೆಯು ಅವನ ಕಾರಿನಲ್ಲಿಯೇ ದಾವಣಗೆರೆಗೆ ಹೊರಟಳು. ಕಡಿದ ತಂತಿಯ ತುಂಡನ್ನು ಮೇಸ್ತ್ರಿಯು ಎಸೆಯಲಿಲ್ಲ. ಕೆಲಸ ಕಲಿಯುವ ಹುಡುಗನ ಕೈಗೆ ಕೊಟ್ಟನು. ಹೊರಗಿನಿಂದ ನೋಡಿದರೆ ಅದರಲ್ಲಿ ಯಾವ ಕೊರತೆಯೂ ಕಾಣದು. ಬಾಗಿಸಿ ನೋಡಿದವನಿಗೆ ಮಾತ್ರ ಅದರೊಳಗಿನ ದೋಷ ತಿಳಿಯುತ್ತದೆ.